ದಿವಾ ಸ್ಟೇಷನ್ನಿನವರೆಗಿನ ಲೆಕ್ಕ

ಮುಂಬಯಿಯಲ್ಲಿ ಮಧ್ಯ ರೈಲ್ವೆಯ ಲೋಕಲ್ ಗಾಡಿಯಲ್ಲಿ ದಿನವೂ ಓಡಾಡುವವರಿಗೆ ಮ್ಯಾರಥಾನಿನ 42.195 ಕಿಲೋಮೀಟರ್ ಎಂದರೆ ಎಷ್ಟು ದೂರವೆಂಬುದನ್ನು ಸ್ಟೇಷನ್ನುಗಳ ಲೆಕ್ಕದಲ್ಲಿಯೇ ಹೇಳಬೇಕು. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಅಂದರೆ ಸಿಎಸ್‌ಎಂಟಿಯಿಂದ ಹೊರಟರೆ ಸುಮಾರು 9 ಕಿಲೋಮೀಟರಿಗೆ ದಾದರ್, 15 ದಾಟಿದ ಮೇಲೆ ಕುರ್ಲಾ, 20ರ ಹತ್ತಿರ ಘಾಟ್ಕೋಪರ್, 31ರ ಆಸುಪಾಸಿನಲ್ಲಿ ಮುಲುಂಡ್, 34ಕ್ಕೆ ಠಾಣೆ. ಆಮೇಲೆ ಮುಂಬ್ರಾದ ಗುಡ್ಡವನ್ನು ಹಾದು, ದಿವಾ ಸ್ಟೇಷನ್ನಿನ ಹೊರಗೆ ಗಾಡಿ ಸಿಗ್ನಲ್ಲಿಗಾಗಿ ಕಾಯುತ್ತ ನಿಲ್ಲುತ್ತದಲ್ಲ, ಮ್ಯಾರಥಾನ್ ಮುಗಿಯುವುದು ಸರಿಸುಮಾರು ಅಲ್ಲಿ. ಡೊಂಬಿವಲಿಯ ನಮ್ಮ ಮನೆಗೆ ಅಲ್ಲಿಂದ ಇನ್ನೂ ಐದಾರು ಕಿಲೋಮೀಟರ್ ಉಳಿದಿರುತ್ತದೆ. ಫೋರ್ಟಿನ ಆಫೀಸೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸಕ್ಕೆ ಇಪ್ಪತ್ತು ವರ್ಷಗಳಿಂದ ಹೋಗಿಬರುತ್ತಿರುವ ನಾನು ಆ ದೂರವನ್ನು ನಿಂತುಕೊಂಡು, ಜೋತುಬಿದ್ದು, ಅಪರೂಪಕ್ಕೊಮ್ಮೆ ಕುಳಿತುಕೊಂಡು ಸವೆಸಿದ್ದೆ. ಕಾಲಿನಲ್ಲಿ ಸವೆಸಿದ್ದು 2024ರ ಜನವರಿ 21ರ ಭಾನುವಾರ, ಮುಂಬಯಿ ಮ್ಯಾರಥಾನಿನಲ್ಲಿ, ನನ್ನ ನಲವತ್ತಮೂರನೆಯ ವಯಸ್ಸಿನಲ್ಲಿ.

ಗುರಿ ಇಟ್ಟುಕೊಂಡದ್ದು ನಾಲ್ಕೂವರೆ ಗಂಟೆ. ಮುಗಿಸಿದ್ದು 4 ಗಂಟೆ 58 ನಿಮಿಷಕ್ಕೆ. ಮನೆಗೆ ಬಂದಾಗ ಅತ್ತೆ ಕೇಳಿದ ಮೊದಲ ಪ್ರಶ್ನೆ, "ಎಷ್ಟನೇ ನಂಬ್ರ ಬಂತು?" ಎಂದು. ಆಫೀಸಿನವರು, ನೆರೆಯವರು, ಊರಿನಿಂದ ಫೋನು ಮಾಡಿದವರು ಯಾರೂ ಅದನ್ನು ಕೇಳಲಿಲ್ಲ. ಎಲ್ಲರೂ "ಮುಗಿಸಿದ್ದೇ ದೊಡ್ಡದು ಬಿಡಿ" ಎಂದರು. ಅವರ ಪ್ರೀತಿಯ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ನಾಲ್ಕು ತಿಂಗಳು ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓಡಿದವಳಿಗೆ ಅತ್ತೆಯ ಪ್ರಶ್ನೆಯೇ ಹೆಚ್ಚು ಗೌರವದ್ದಾಗಿ ಕಂಡಿತು. ಹವ್ಯಾಸಿಗಳು ಗಡಿಯಾರ ನೋಡಬಾರದು, ಸುಮ್ಮನೆ ಆನಂದಿಸಬೇಕು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆ ಇಪ್ಪತ್ತೆಂಟು ನಿಮಿಷ ಎಲ್ಲಿ ಹೋಯಿತೆಂದು ಹುಡುಕುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಆರು ಜನರ ಗುಂಪು. ಹಿರಿಯರೆಂದರೆ ಶೆಟ್ಟರು, ವಯಸ್ಸು ಅರವತ್ತೊಂದು, ಹೋಟೆಲಿನ ಗಲ್ಲಾ ಪೆಟ್ಟಿಗೆಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಓಟಕ್ಕೆ ಬಂದವರು. ಮಳೆಗಾಲ ಕಳೆದು ಸೆಪ್ಟೆಂಬರಿನಲ್ಲಿ ಆರಂಭಿಸಿ, ವಾರಕ್ಕೆ ನಾಲ್ಕು ದಿನ ಓಟ. ಭಾನುವಾರ ಉದ್ದ ಓಟ, ಅದು 14ರಿಂದ ಬೆಳೆದು ಡಿಸೆಂಬರಿನ ಕೊನೆಯಲ್ಲಿ 32 ಕಿಲೋಮೀಟರಿಗೆ ಮುಟ್ಟಿತು. ತಿಂಗಳಿಗೆ ಒಂದೆರಡು ಸಲ ಠಾಣೆಗೆ ಹೋಗಿ ಯೇವೂರ್ ಗುಡ್ಡ ಹತ್ತಿ ಇಳಿಯುತ್ತಿದ್ದೆವು, ಮ್ಯಾರಥಾನಿನ ದಾರಿಯಲ್ಲಿ ಬರುವ ಪೆಡರ್ ರೋಡಿನ ಏರಿಗೆ ಕಾಲು ಪಳಗಲಿ ಎಂದು. ಹೆಂಗಸೊಬ್ಬಳು ಕತ್ತಲಲ್ಲಿ ಓಡುವಾಗ ಎದುರಾಗುವ ಬೀದಿನಾಯಿಗಳ ವಿಷಯವನ್ನೂ, ಬೈಕಿನಲ್ಲಿ ನಿಧಾನ ಮಾಡಿಕೊಂಡು ಪಕ್ಕದಲ್ಲೇ ಬರುವವರ ವಿಷಯವನ್ನೂ ಬರೆದರೆ ಅದೇ ಬೇರೊಂದು ಲೇಖನವಾದೀತು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಮ್ಯಾರಥಾನ್ ಬಂದದ್ದೇ 1984ರಲ್ಲಿ. ಆಗ ನನಗೆ ನಾಲ್ಕು ವರ್ಷ. ಅಷ್ಟು ದೂರ ಹೆಂಗಸರ ದೇಹ ತಡೆಯದು ಎಂದು ಅಲ್ಲಿಯವರೆಗೆ ತಿಳಿದವರೇ ಹೇಳುತ್ತಿದ್ದರಂತೆ.

ಶೆಟ್ಟರ ಉಪದೇಶ ಒಂದೇ: "ಮೊದಲ ಹತ್ತು ಕಿಲೋಮೀಟರ್ ನಾಚಿಕೆಯಾಗುವಷ್ಟು ನಿಧಾನ ಓಡಬೇಕು." ನಾಲ್ಕೂವರೆ ಗಂಟೆಗೆ ಮುಗಿಸಬೇಕಾದರೆ ಒಂದೊಂದು ಕಿಲೋಮೀಟರಿಗೆ 6 ನಿಮಿಷ 24 ಸೆಕೆಂಡು ಸಿಗುತ್ತದೆ. ನಾನು ಇದನ್ನು ಅಂಗೈ ಹಿಂಭಾಗದಲ್ಲಿ ಪೆನ್ನಿನಿಂದ ಬರೆದುಕೊಂಡಿದ್ದೆ. ಬೆವರಿಗೆ ಅದು ಮಹಾಲಕ್ಷ್ಮಿ ತಲುಪುವ ಮೊದಲೇ ಅಳಿಸಿಹೋಯಿತು ಎನ್ನುವುದು ಬೇರೆ ಮಾತು.

ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೆ ಹೋಗಿ ಎದೆಗೆ ಚುಚ್ಚಿಕೊಳ್ಳುವ ನಂಬರಿನ ಚೀಟಿಯಾದ ಬಿಬ್ ತಂದದ್ದು, ಹಿಂದಿನ ರಾತ್ರಿ ಕುಚ್ಚಲಕ್ಕಿ ಅನ್ನ ಬಿಟ್ಟು ಬೆಳ್ತಿಗೆ ಅನ್ನ ಉಂಡದ್ದು, ಅಂಗಿಗೆ ಪಿನ್ನು ಚುಚ್ಚಿಟ್ಟು ಹನ್ನೆರಡರವರೆಗೂ ನಿದ್ದೆ ಬಾರದೆ ಹೊರಳಾಡಿದ್ದು, ಇವನ್ನೆಲ್ಲ ಓಡಿದವರೆಲ್ಲ ಬಲ್ಲರು. ಮೂರರ ಸುಮಾರಿಗೆ ಕಲ್ಯಾಣದಿಂದ ಬರುವ ವಿಶೇಷ ಲೋಕಲ್ ಹಿಡಿದಾಗ ಡಬ್ಬಿಯ ತುಂಬ ಓಟಗಾರರೇ. ದಿನವೂ ನನ್ನ ಭುಜಕ್ಕೆ ಭುಜ ಒರಸುವ ಅದೇ ಡಬ್ಬಿಯಲ್ಲಿ ಅಂದು ಬಾಳೆಹಣ್ಣಿನ ವಾಸನೆ, ನೋವಿನ ಮುಲಾಮಿನ ವಾಸನೆ. ಕಾಯುವ ಮೈದಾನದಲ್ಲಿ ಹೆಂಗಸರ ಶೌಚಾಲಯದ ಮುಂದಿನ ಸಾಲು ಮಾತ್ರ ಹನುಮಂತನ ಬಾಲದಂತಿತ್ತು. ಅದರಲ್ಲಿ ಇಪ್ಪತ್ತೈದು ನಿಮಿಷ ನಿಂತು ಸಾಲು ಬಿಟ್ಟು ಓಡಬೇಕಾಯಿತು. ಆ ಬೇಸರವನ್ನು ಆರಂಭದ ವೇಗಕ್ಕೆ ನೆಪವಾಗಿ ಬಳಸಿಕೊಂಡೆನೇನೋ ಎಂಬ ಅನುಮಾನ ನನಗೆ ಈಗಲೂ ಇದೆ.

ಹೊರಟದ್ದು ಐದು ದಾಟಿದ ಮೇಲೆ. ಬಂದೂಕಿನ ಸದ್ದಿಗೂ ನಾವು ಗೆರೆ ದಾಟಿದ್ದಕ್ಕೂ ನಡುವೆ ಹಲವು ನಿಮಿಷ ಕಳೆದಿದ್ದವು. ಆದರೆ ಬಿಬ್ಬಿನಲ್ಲಿರುವ ಎಲೆಕ್ಟ್ರಾನಿಕ್ ಚಿಪ್ ಗೆರೆಯ ಮೇಲಿನ ಚಾಪೆ ದಾಟಿದಾಗಿನಿಂದ ಲೆಕ್ಕ ಹಿಡಿಯುವುದರಿಂದ ಅದಕ್ಕೆ ಚಿಂತೆಯಿಲ್ಲ. ಕತ್ತಲಲ್ಲಿ ಮರೈನ್ ಡ್ರೈವ್ ಸೇರಿದಾಗ ಎಡಕ್ಕೆ ಕಾಣದ ಸಮುದ್ರ, ಮುಂದೆ ಬಾಗಿದ ದೀಪಗಳ ಸಾಲು, ಸಾವಿರಾರು ಜೋಡಿ ಬೂಟುಗಳು ಡಾಂಬರಿಗೆ ತಾಗುವ ಸದ್ದು, ಅಷ್ಟೇ. ಅದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಸದ್ದಿನ ಹಾಗಿರುತ್ತದೆ. 4:30 ಎಂದು ಬರೆದ ಬಾವುಟ ಹೊತ್ತ ಪೇಸರ್, ಅಂದರೆ ಅಷ್ಟೇ ಹೊತ್ತಿಗೆ ಮುಗಿಯುವ ಹಾಗೆ ಒಂದೇ ವೇಗದಲ್ಲಿ ಓಡಿ ದಾರಿ ತೋರಿಸುವವರು, ನನ್ನ ಮುಂದೆಯೇ ಇದ್ದರು. ಅವರ ಹಿಂದೆ ಅಂಟಿಕೊಂಡು ಹೋಗಬೇಕಾದ ನಾನು, ಕಾಲು ಹಗುರವಾಗಿದೆ, ಗಾಳಿ ತಂಪಾಗಿದೆ, ಈಗ ಸ್ವಲ್ಪ ಉಳಿಸಿಕೊಂಡರೆ ಕೊನೆಗೆ ಖರ್ಚಿಗಾದೀತು ಎಂದು ಲೆಕ್ಕ ಹಾಕಿ ಅವರನ್ನು ದಾಟಿದೆ. ಇಪ್ಪತ್ತು ವರ್ಷ ಲೆಕ್ಕ ಬರೆದವಳು ಮಾಡಬಾರದ ತಪ್ಪು ಅದು. ಸಾಲವಾಗಿ ಬಂದ ಹಣವನ್ನು ಉಳಿತಾಯದ ಖಾತೆಗೆ ಬರೆದುಕೊಂಡಿದ್ದೆ.

ಶೆಟ್ಟರು ಎಲ್ಲೋ ಹಿಂದೆ ಉಳಿದರು. ಬಾಬುಲ್‌ನಾಥ್, ಕೆಂಪ್ಸ್ ಕಾರ್ನರ್, ಪೆಡರ್ ರೋಡ್, ಹಾಜಿ ಅಲಿ, ಎಲ್ಲವೂ ಹೋಗುವಾಗ ಸುಲಭವೇ. ಪೆಡರ್ ರೋಡಿನ ಏರನ್ನು ಆಗ ಹತ್ತಿದ್ದೇ ತಿಳಿಯಲಿಲ್ಲ. ಇದೇನಾ ಆ ಪ್ರಸಿದ್ಧ ಏರು ಎಂದು ಪಕ್ಕದವರಿಗೆ ಹೇಳಿದೆ ಕೂಡ. ಅವರು ಹಳಬರು, ನಕ್ಕು ಸುಮ್ಮನಾದರು.

ಬಾಂದ್ರಾ-ವರ್ಲಿ ಸೀ ಲಿಂಕ್ ಮೇಲೆ ಕಾಲಿಟ್ಟಾಗ ಬೆಳಕು ಹರಿಯುತ್ತಿತ್ತು. 5.6 ಕಿಲೋಮೀಟರ್ ಉದ್ದದ ಈ ಸೇತುವೆ 2009ರಲ್ಲಿ ತೆರೆದುಕೊಂಡಿತು. ಉಳಿದ ದಿನಗಳಲ್ಲಿ ಪಾದಚಾರಿಗಳಿಗೂ ದ್ವಿಚಕ್ರ ವಾಹನಗಳಿಗೂ ಇಲ್ಲಿ ಪ್ರವೇಶವಿಲ್ಲ, ಆದ್ದರಿಂದ ಕಾರಿಲ್ಲದ ನಮ್ಮಂಥವರಿಗೆ ಇದರ ಮೇಲೆ ನಡೆಯುವ ಭಾಗ್ಯ ಸಿಗುವುದು ಓಟದ ದಿನ ಮಾತ್ರ. ಇಲ್ಲಿ ಪ್ರೇಕ್ಷಕರಿಲ್ಲ, ಡೋಲಿಲ್ಲ, ಚಪ್ಪಾಳೆಯಿಲ್ಲ. ಮಾತಾಡುತ್ತಿದ್ದವರೂ ತಾವಾಗಿಯೇ ಮಾತು ನಿಲ್ಲಿಸುತ್ತಾರೆ. ಕಂಬದಿಂದ ಇಳಿಬಿಟ್ಟ ಉಕ್ಕಿನ ತಂತಿಗಳು ಒಂದೊಂದಾಗಿ ಹಿಂದಕ್ಕೆ ಸರಿಯುತ್ತವೆ. ಬಲಕ್ಕೆ ದಾದರ್, ಪ್ರಭಾದೇವಿಗಳ ಕಟ್ಟಡಗಳ ಹಿಂದಿನಿಂದ ಕೆಂಪು ಏರುತ್ತದೆ. ಕೆಳಗೆ ಕೋಲಿ ಮೀನುಗಾರರ ದೋಣಿಗಳು. ಮಲ್ಪೆಯ ಕಡೆಯವಳಾದ ನನಗೆ ದೋಣಿ ಹೊಸದಲ್ಲ, ಆದರೆ ಮೂವತ್ತು ವರ್ಷ ಈ ಊರಿನಲ್ಲಿದ್ದೂ ಮುಂಬಯಿಯನ್ನು ಸಮುದ್ರದ ಕಡೆಯಿಂದ ನೋಡಿದ್ದು ಅದೇ ಮೊದಲು. ನಮ್ಮ ಮುಂಬಯಿ ರೈಲುಹಳಿಯ ಎರಡು ಬದಿಗೆ ಕಾಣುವಷ್ಟೇ. ಕಟ್ಟಡಗಳ ಬೆನ್ನು, ಒಣಹಾಕಿದ ಬಟ್ಟೆ, ಗೋಡೆಯ ಜಾಹೀರಾತು. ಅಂದು ಅದರ ಮುಖ ಕಂಡಿತು.

ಸೇತುವೆ ದಾಟುವ ಹೊತ್ತಿಗೆ ಅರ್ಧ ಮುಗಿದಿತ್ತು: 2 ಗಂಟೆ 11 ನಿಮಿಷ. ಯೋಜನೆಗಿಂತ ನಾಲ್ಕು ನಿಮಿಷ ಮುಂದೆ. ಘಾಟ್ಕೋಪರ್ ದಾಟಿತು ಎಂದುಕೊಂಡೆ. ಆಫೀಸಿನಿಂದ ಮರಳುವಾಗ ಘಾಟ್ಕೋಪರಿನಲ್ಲಿ ಒಂದಿಷ್ಟು ಜನ ಇಳಿದು, ಉಸಿರಾಡಲು ಜಾಗವಾಗಿ, ಇನ್ನೇನು ಮನೆ ಬಂತು ಅನ್ನಿಸುತ್ತದೆ, ಮನೆ ಬಂದಿರುವುದಿಲ್ಲ.

ಮಾಹಿಮ್ ಕಾಸ್‌ವೇ ಮೇಲೆ ಮಿಠೀ ನದಿಯ ಕೊಳಕು ನಾತ, ಅದರ ಬೆನ್ನಿಗೇ ಒಣಮೀನಿನ ವಾಸನೆ. ಎರಡನೆಯದು ನನಗೆ ತವರಿನ ವಾಸನೆಯಾದರೂ ಅಂದು ಹೊಟ್ಟೆ ತೊಳಸಿತು. ಬಿಸಿಲು ಬಂದಿತ್ತು. ಜನವರಿಯಲ್ಲಿ ಮುಂಬಯಿ ತಂಪು ಎನ್ನುವುದು ಫ್ಯಾನಿನ ಕೆಳಗೆ ಕುಳಿತವರ ಮಾತು. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ, ಆರದ ಬೆವರು ಮೈಯನ್ನು ತಣಿಸುವುದೂ ಇಲ್ಲ. ಮೈ ತಣಿಸಲು ರಕ್ತ ಚರ್ಮದ ಕಡೆ ಹರಿಯಬೇಕು, ಕಾಲಿನ ಸ್ನಾಯುಗಳಿಗೂ ಅದೇ ರಕ್ತ ಬೇಕು. ಈ ಎರಡು ಬೇಡಿಕೆಗಳ ನಡುವೆ ಸಿಕ್ಕಿದ ಹೃದಯ ಅದೇ ವೇಗಕ್ಕೆ ಮೊದಲಿಗಿಂತ ಹೆಚ್ಚು ಬಡಿಯತೊಡಗುತ್ತದೆ. ನನ್ನ ಕೈಗಡಿಯಾರದಲ್ಲಿ ಅದು ಕಾಣುತ್ತಿತ್ತು. ನಾನು ನೋಡದ ಹಾಗೆ ಇದ್ದೆ.

ಶಿವಾಜಿ ಪಾರ್ಕಿನ ಬಳಿ ಮಾಟುಂಗಾದ ನನ್ನ ತಂಗಿ ನಿಂಬೆ, ಉಪ್ಪು, ಸಕ್ಕರೆ ಬೆರೆಸಿದ ಪಾನಕದ ಬಾಟಲಿ ಹಿಡಿದು ಕಾದಿದ್ದಳು. "ಅಕ್ಕಾ, ಮುಖ ಯಾಕೆ ಹಾಗಾಗಿದೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನೂರು ಹೆಜ್ಜೆ ಚಪ್ಪಲಿಯಲ್ಲೇ ಜೊತೆಗೆ ಓಡಿದಳು. ಸಿದ್ಧಿವಿನಾಯಕ ದಾಟಿದ ಮೇಲೆ ಶಾಲೆಯ ಸಮವಸ್ತ್ರದ ಹುಡುಗನೊಬ್ಬ ಸ್ಟೀಲಿನ ತಟ್ಟೆಯಲ್ಲಿ ಉಪ್ಪು ಇಟ್ಟುಕೊಂಡು ನಿಂತಿದ್ದ. ಎಲ್ಲರೂ ತೀರ್ಥಕ್ಕೆ ಒಡ್ಡುವ ಹಾಗೆ ಅಂಗೈ ಗುಳಿ ಮಾಡಿ ಒಡ್ಡುತ್ತಿದ್ದರು, ಚಿಟಿಕೆ ಉಪ್ಪು ಬೀಳುತ್ತಿತ್ತು, ನೆಕ್ಕಿ ಮುಂದೆ ಹೋಗುತ್ತಿದ್ದರು. ಬಾಯಾರಿತೆಂದು ಬರೀ ನೀರನ್ನೇ ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ತೆಳುವಾಗಿ ತಲೆ ಸುತ್ತಿ ಬೀಳುವ ಅಪಾಯವಿದೆ. ನಿಧಾನಕ್ಕೆ ಓಡಿ ಪ್ರತಿ ಮೇಜಿನಲ್ಲೂ ನೀರು ಕುಡಿಯುವ ನಮ್ಮಂಥವರಿಗೇ ಆ ಅಪಾಯ ಹೆಚ್ಚು.

30 ಕಿಲೋಮೀಟರಿನ ಫಲಕ ಕಂಡದ್ದಕ್ಕೂ ಸಾಲ ಕೊಟ್ಟವನು ಬಾಗಿಲು ಬಡಿದದ್ದಕ್ಕೂ ಸರಿಹೋಯಿತು. ಓಟಗಾರರು ಇದನ್ನು ಗೋಡೆ ಎನ್ನುತ್ತಾರೆ. ಗೋಡೆಯಾದರೆ ಒಮ್ಮೆಗೇ ಎದುರಾಗಬೇಕು. ನನಗೆ ಅದು ಹಾಗೆ ಅನ್ನಿಸಲಿಲ್ಲ, ಕೈಯಲ್ಲಿದ್ದ ದುಡ್ಡು ಮುಗಿಯುತ್ತ ಬಂದ ತಿಂಗಳ ಕೊನೆಯ ಹಾಗೆ ಅನ್ನಿಸಿತು. ಲೆಕ್ಕ ಸರಳ. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ, ಓಡಿದ ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕ್ಯಾಲರಿ ಖರ್ಚು. ನನ್ನ ತೂಕ 58 ಕಿಲೋ. 42 ಕಿಲೋಮೀಟರಿಗೆ 2,400 ದಾಟುತ್ತದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಶಕ್ತಿ ಚೆನ್ನಾಗಿ ಉಂಡವರಿಗೂ 2,000ದ ಆಸುಪಾಸು. ಉಳಿದದ್ದನ್ನು ಕೊಬ್ಬು ತುಂಬಿಕೊಡಬೇಕು; ಆದರೆ ಕೊಬ್ಬು ನಿಧಾನಕ್ಕೆ ಬಿಡುಗಡೆಯಾಗುವ ಠೇವಣಿ, ಅವಸರದಲ್ಲಿರುವವರಿಗೆ ಕೈಗೆ ಸಿಗುವುದಿಲ್ಲ. ವೇಗ ಹೆಚ್ಚಾದಷ್ಟೂ ದೇಹ ಗ್ಲೈಕೋಜನ್ನನ್ನೇ ಹೆಚ್ಚು ಉರಿಸುತ್ತದೆ. ಮರೈನ್ ಡ್ರೈವಿನಲ್ಲಿ ಕಿಲೋಮೀಟರಿಗೆ ಹತ್ತು ಹದಿನೈದು ಸೆಕೆಂಡು ಮುಂದೆ ಓಡಿದಾಗ ನಾನು ಉರಿಸಿದ್ದು ವರ್ಲಿಯ ಪಾಲಿನದನ್ನು.

ವರ್ಲಿ ಕಡಲತೀರದಲ್ಲಿ 4:30ರ ಬಾವುಟ ನನ್ನನ್ನು ದಾಟಿ ಹೋಯಿತು. ಆ ಬಾವುಟವನ್ನು ಕಣ್ಣಿಗೆ ಕಾಣುವವರೆಗೂ ನೋಡಿದೆ. ಅದು ನನ್ನ ಮೇಲೆ ಕೋಪವಿಲ್ಲದ, ಗುರುತೂ ಇಲ್ಲದ ಒಂದು ವೇಗದಲ್ಲಿ ದೂರವಾಗುತ್ತಿತ್ತು.

ಹಾಜಿ ಅಲಿಯ ಹತ್ತಿರ, ಕೋಸ್ಟಲ್ ರಸ್ತೆಯ ಕಾಮಗಾರಿಗೆ ಅಡ್ಡಕಟ್ಟಿದ ತಗಡುಗಳ ಪಕ್ಕದಲ್ಲಿ, ಪೊಲೀಸ್ ಮೋಟರ್‌ಸೈಕಲ್ಲಿನ ಸದ್ದು ಕೇಳಿ ಎಲ್ಲರೂ ಬದಿಗೆ ಸರಿದೆವು. ನಮಗಿಂತ ಎರಡು ಗಂಟೆಗೂ ಹೆಚ್ಚು ತಡವಾಗಿ ಹೊರಟಿದ್ದ ವೃತ್ತಿಪರರು ಬಂದರು. ಮುಂಬಯಿಯ ಈ ಓಟದ ವಿಶೇಷ ಇದು: ನಾವು ತೆವಳುತ್ತಿರುವ ಅದೇ ಡಾಂಬರಿನ ಮೇಲೆ, ಅದೇ ಸ್ಪರ್ಧೆಯಲ್ಲಿ, ಲೋಕದ ಅತ್ಯುತ್ತಮರು ಕೈಗೆಟುಕುವ ದೂರದಲ್ಲಿ ಹಾದುಹೋಗುತ್ತಾರೆ. ಆ ವರ್ಷ ಗೆದ್ದವರು ಇಥಿಯೋಪಿಯಾದ ಹೈಲೆ ಲೆಮಿ. ಹಿಂದಿನ ವರ್ಷ 2 ಗಂಟೆ 7 ನಿಮಿಷ 32 ಸೆಕೆಂಡಿನಲ್ಲಿ ಓಡಿ ಇಲ್ಲಿನ ದಾಖಲೆ ಬರೆದವರೂ ಅವರೇ. ಗಂಟೆಗೆ ಸುಮಾರು 20 ಕಿಲೋಮೀಟರಿನ ವೇಗ. ಟಿವಿಯಲ್ಲಿ ನೋಡುವಾಗ ಎಲ್ಲರೂ ಒಂದೇ ವೇಗದಲ್ಲಿ ಓಡುವುದರಿಂದ ಅದು ಗೊತ್ತಾಗುವುದಿಲ್ಲ. ಪಕ್ಕದಲ್ಲಿ ನಿಂತಾಗ ಮೊದಲು ಗಮನಕ್ಕೆ ಬರುವುದು ಸದ್ದಿಲ್ಲದಿರುವುದು. ನಮ್ಮ ಬೂಟುಗಳು ನೆಲಕ್ಕೆ ಬಡಿಯುತ್ತವೆ, ಅವರವು ನೆಲವನ್ನು ಮುಟ್ಟಿ ಬಿಡುತ್ತವೆ. ಹತ್ತು ಸೆಕೆಂಡಿನಲ್ಲಿ ಅವರು ಇರಲಿಲ್ಲ. ನನ್ನ ಲೆಕ್ಕದಲ್ಲಿ ಆಗ ಠಾಣೆ ಬಂದಿತ್ತು.

ಇನ್ನು ಪೆಡರ್ ರೋಡ್. ಬೆಳಿಗ್ಗೆ ಕಾಣದೇ ಹೋಗಿದ್ದ ಏರು ಈಗ ಎದ್ದು ನಿಂತಿತ್ತು. ನಡೆದೆ; ಸುಳ್ಳು ಹೇಳಿ ಪ್ರಯೋಜನವಿಲ್ಲ. ಆದರೆ ಈ ರಸ್ತೆಯ ನಿವಾಸಿಗಳು ಮಾತ್ರ ನಮ್ಮಂಥವರಿಗಾಗಿಯೇ ಬೆಳಗಿನಿಂದ ಕಾದಿರುತ್ತಾರೆ. ಹೌಸಿಂಗ್ ಸೊಸೈಟಿಗಳ ಗೇಟಿನ ಮುಂದೆ ಮೇಜು ಹಾಕಿ ಬಾಳೆಹಣ್ಣು, ಬಿಸ್ಕತ್ತು, ಚಿಕ್ಕಿ, ಕಿತ್ತಳೆ ಇಟ್ಟು, ಬಿಬ್ಬಿನ ಮೇಲಿನ ಹೆಸರು ಓದಿ ಕೂಗುತ್ತಾರೆ. ಎಂಬತ್ತರ ಆಸುಪಾಸಿನ ಗುಜರಾತಿ ಅಜ್ಜಿಯೊಬ್ಬರು ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಕಿತ್ತಳೆ ಸುಲಿಯುತ್ತಿದ್ದರು. "ಲೇ ಬೇಟಾ" ಎಂದು ಒಂದು ತೊಳೆ ನೀಡಿದರು. ಬಾಯಿಗೆ ಹಾಕಿಕೊಂಡ ಮೇಲೆ ತಿಳಿಯಿತು, ಅದರ ಬಿಳಿಯ ನಾರನ್ನು ತೆಗೆದಿದ್ದರು, ಅಂಚು ಸೀಳಿ ಬೀಜವನ್ನೂ ಬಿಡಿಸಿದ್ದರು. ತಟ್ಟೆಯ ಇನ್ನೊಂದು ಮೂಲೆಯಲ್ಲಿ ಬೀಜಗಳ ಸಣ್ಣ ರಾಶಿ. ಓಡುವವರ ಗಂಟಲಿಗೆ ಬೀಜ ಸಿಕ್ಕೀತೆಂದು ಯೋಚಿಸಿ, ಎಷ್ಟು ಹೊತ್ತಿನಿಂದ, ಎಷ್ಟು ನೂರು ತೊಳೆಗಳನ್ನು ಹಾಗೆ ಬಿಡಿಸಿದ್ದರೋ! ಎರಡನೆಯದನ್ನು ಕೇಳಿ ಪಡೆದೆ.

ಕೆಂಪ್ಸ್ ಕಾರ್ನರ್ ಇಳಿಜಾರು ತೊಡೆಗೆ ಏರಿಗಿಂತ ಕಷ್ಟ. ಚೌಪಾಟಿ ದಾಟಿ ಮರೈನ್ ಡ್ರೈವಿಗೆ ಬಂದಾಗ ಬೆಳಗಿನ ದೀಪಗಳ ಸಾಲಿನ ಜಾಗದಲ್ಲಿ ನೆರಳೇ ಇಲ್ಲದ ಉದ್ದನೆಯ ಬಿಳಿ ರಸ್ತೆ ಬಿದ್ದುಕೊಂಡಿತ್ತು. 39ನೆಯ ಕಿಲೋಮೀಟರಿನಲ್ಲಿ ಪಕ್ಕದಿಂದ ಗುರುತಿನ ಹೆಜ್ಜೆ ಸದ್ದು. ಶೆಟ್ಟರು. ಬೆಳಗಿನಿಂದ ಒಂದೇ ಸಮನೆ ಬಂದವರು ಅದೇ ಸಮದಲ್ಲಿ ನನ್ನನ್ನು ದಾಟಿದರು. ಮಾತಾಡಲಿಲ್ಲ, ಬೆನ್ನ ಹಿಂದೆ ಕೈ ಇಟ್ಟು ಬಾ ಎಂದು ಬೆರಳಾಡಿಸಿದರು. ಇನ್ನೂರು ಮೀಟರ್ ಅವರ ಬೆನ್ನು ಹಿಡಿದೆ, ಬಿಟ್ಟುಹೋಯಿತು.

ಕೊನೆಯ 195 ಮೀಟರಿನ ಬಗ್ಗೆ ಒಂದು ಮಾತು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದ ರಾಜಪರಿವಾರದ ಆಸನದ ಮುಂದೆ ಮುಗಿದ ಓಟದ ಅಳತೆಯೇ 1921ರಲ್ಲಿ ಎಲ್ಲ ಮ್ಯಾರಥಾನುಗಳಿಗೂ ಖಾಯಂ ಆಯಿತು. ಆ ರಾಜಮನೆತನ ಇನ್ನೊಂದಿಷ್ಟು ಹತ್ತಿರದಲ್ಲಿ ಕುಳಿತಿದ್ದರೆ ಎಷ್ಟು ಉಪಕಾರವಾಗುತ್ತಿತ್ತೆಂದು ಸಿಎಸ್‌ಎಂಟಿಯ ಗುಮ್ಮಟ ಕಾಣುವಾಗ ಅನ್ನಿಸಿತು.

ಮರಳುವಾಗ ಲೋಕಲ್‌ನಲ್ಲಿ ಶೆಟ್ಟರಿಗೂ ನನಗೂ ಎದುರುಬದುರು ಕಿಟಕಿ ಸಿಕ್ಕಿತು. ಅವರ ಸಮಯ 4 ಗಂಟೆ 52 ನಿಮಿಷ. ಮೊದಲರ್ಧ 2:26, ಎರಡನೆಯದೂ 2:26. ನನ್ನದನ್ನು ಕೇಳಿದರು. 2:11, ಆಮೇಲೆ 2:47 ಎಂದೆ. ಗಲ್ಲಾದಲ್ಲಿ ಕುಳಿತು ಅಭ್ಯಾಸವಾದವರು, ಬಾಯಲ್ಲೇ ಏನೋ ಗುಣಿಸಿ, ಕಳೆದು, "ನಾಲ್ಕು ನಿಮಿಷ ಸಾಲಕ್ಕೆ ಮೂವತ್ತೆರಡು ನಿಮಿಷ ಕಟ್ಟಿದ್ದೀಯಲ್ಲ ಮಾರಾಯ್ತಿ. ಇಷ್ಟು ಬಡ್ಡಿ ಪಠಾಣನೂ ಹಾಕುತ್ತಿರಲಿಲ್ಲ" ಎಂದರು. ಮೂವತ್ತೆರಡರಲ್ಲಿ ನಾಲ್ಕು ಕಳೆದರೆ ಇಪ್ಪತ್ತೆಂಟು. ನಾನು ಹುಡುಕುತ್ತಿದ್ದ ಅಂಕಿ ಅದೇ.

ಮುಂಬ್ರಾ ದಾಟಿ ದಿವಾದ ಹೊರಗೆ ಗಾಡಿ ಎಂದಿನಂತೆ ನಿಂತಿತು. ನಾವಿಬ್ಬರೂ ಹೊರಗೆ ನೋಡಿದೆವು. ಡೊಂಬಿವಲಿಯಲ್ಲಿ ಇಳಿದು ಬ್ರಿಜ್ ಹತ್ತಿದ್ದೇನೋ ಆಯಿತು, ಇಳಿಯುವಾಗ ಮಾತ್ರ ಮೊಣಕಾಲು ಮಡಚದೆ, ಕಂಬಿ ಹಿಡಿದು ಏಡಿಯ ಹಾಗೆ ಅಡ್ಡಡ್ಡ ಇಳಿಯಬೇಕಾಯಿತು. ಎದುರಿನ ಕಂಬಿಯಲ್ಲಿ ಶೆಟ್ಟರೂ ಹಾಗೆಯೇ ಇಳಿಯುತ್ತಿದ್ದರು.